ವಲ್ಲಿಯ ಕೆಳಗಿನ ಕೈ

ಹೋದ ತಿಂಗಳು ನನ್ನ ಮೊಮ್ಮಗಳು ಪಡಸಾಲೆಯಲ್ಲಿ ಕುಳಿತು ಕಾಲೇಜಿನ ಪುಸ್ತಕ ಓದುತ್ತಿದ್ದಳು. ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಹತ್ತುವುದಿಲ್ಲ. ನಾನು ಹೊರಸಿನ ಮೇಲೆ ಅಡ್ಡಾಗಿ ತೂಕಡಿಸುತ್ತಿದ್ದೆ. ಜರ್ಮನ್ ದೇಶದ ಒಬ್ಬ ದೊಡ್ಡ ವ್ಯಾಪಾರಿ, ಅವನಿಗೆ ಓದಿನ ಹುಚ್ಚು ಹಿಡಿದ ಒಬ್ಬ ಮಗ, ಮಗ ಅಂಗಡಿಯಲ್ಲಿ ಕೂಡಬೇಕೆಂದು ಅಪ್ಪನ ಹಟ, ಅದಕ್ಕಾಗಿ ಅವನು ಮಗನ ಮುಂದೆ ಒಂದು ಕರಾರು ಇಟ್ಟ ಎಂದು ಓದಿದಳು. ನಾನು ಎದ್ದು ಕುಳಿತೆ. ಅವಳು ಹಾಳೆ ತಿರುವುವ ಮೊದಲೇ ಮುಂದಿನದನ್ನು ಹೇಳಿಬಿಟ್ಟೆ. ಊರಲ್ಲೇ ಉಳಿದರೆ ಲ್ಯಾಟಿನ್ ಕಲಿಯಬಹುದು. ಅಪ್ಪ ಅವ್ವನ ಜೊತೆ ದೇಶ ಸುತ್ತಲು ಬಂದರೆ, ಮರಳಿದ ಮೇಲೆ ವ್ಯಾಪಾರಕ್ಕೆ ಕೂಡಬೇಕು. ಹುಡುಗ ದೇಶ ಸುತ್ತಲು ಹೋದ.

"ಮುತ್ಯಾ, ಇದು ನಿಮಗ ಹ್ಯಾಂಗ ಗೊತ್ತು?" ಎಂದಳು.

"ನಮ್ಮ ಮಾಸ್ತರು ಹೇಳಿದ್ರು."

"ನಿಜಾಮನ ಕಾಲದಾಗ, ಆಳಂದದಾಗ, ಇದನ್ನ ಹೇಳಿದ್ರಾ? ಯಾರವರು?"

ನಾನು ಹೊರಸಿನ ಕಾಲು ಹಿಡಿದು ಕುಳಿತೆ. ಅವಳಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅದನ್ನು ಬರೆಯುವ ಯೋಗ್ಯತೆ ನನ್ನ ಕೈಗಿಲ್ಲ. ಅವರು ಅಫಜಲಪುರದ ಕಡೆ, ಹೆಂಡತಿಯ ಊರಿನಲ್ಲಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಎಲ್ಲ ಕಾರ್ಯಗಳೂ ಮುಗಿದಿದ್ದವು.

ನಾನು ಕಂಡಾಗ ಅವರಿಗೆ ಮೂವತ್ತೈದರ ಆಚೀಚೆ. ಎತ್ತರದ ಆಳು. ಕೊರಳಪಟ್ಟಿ ಸವೆದ ಕರಿಯ ಶೇರ್ವಾನಿ, ಹೆಗಲ ಮೇಲೆ ಮಾತ್ರ ನಮ್ಮ ಕಡೆಯ ರೈತರು ಹೊದೆಯುವ ಉದ್ದನೆಯ ಬಟ್ಟೆ, ವಲ್ಲಿ. ಈ ಎರಡನ್ನೂ ಒಟ್ಟಿಗೆ ಹೊದ್ದವರನ್ನು ನಾನು ಬೇರೆಲ್ಲೂ ನೋಡಿಲ್ಲ. ಫಾರ್ಸಿ ಮತ್ತು ಚರಿತ್ರೆ ಅವರ ಪಾಠಗಳು. ಶಾಲೆಯ ಭಾಷೆ ಉರ್ದು. ಆದರೆ ಪಾಠ ಮುಗಿದು ಗಂಟೆ ಹೊಡೆಯಲು ಇನ್ನೂ ಹೊತ್ತಿದ್ದರೆ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಕನ್ನಡದಲ್ಲಿ ಕಥೆ ಹೇಳುತ್ತಿದ್ದರು. ಕನ್ನಡ ಕಿವಿಗೆ ಬಿದ್ದರೆ ಹೆಡ್ ಮಾಸ್ತರರು ಸಿಡಿಮಿಡಿಗುಟ್ಟುತ್ತಿದ್ದರು, ಬಾಗಿಲು ಹಾಕುತ್ತಿದ್ದದ್ದು ಅಷ್ಟಕ್ಕೇ.

ತಡವಾಗಿ ಬಂದವರನ್ನು ಅವರು ಹೊಡೆದದ್ದಿಲ್ಲ. ತಲೆ ಎತ್ತದೆ, "ತಡ ಆತು. ಕೂಡು" ಎನ್ನುತ್ತಿದ್ದರು. ಛಡಿ ಏಟಾದರೂ ವಾಸಿ ಅನ್ನಿಸುತ್ತಿತ್ತು.

ಇನ್ನೊಂದು ರೂಢಿ ಇತ್ತು. ಯಾವ ಕಥೆಯನ್ನೂ ಅವರು ತಾವೇ ಮುಗಿಸುತ್ತಿರಲಿಲ್ಲ. ಕೊನೆಯ ಮಾತಿಗೆ ಬಂದಾಗ ಅರ್ಧಕ್ಕೆ ನಿಂತು ಯಾರಾದರೊಬ್ಬನ ಕಡೆ ತೋರುಬೆರಳು ಚಾಚುವರು. ಅವನು ಎದ್ದು ಮುಗಿಸಬೇಕು. "ನಾ ಹೇಳಿದ್ರ ನನ್ನ ಬಾಯಾಗ ಉಳೀತದ. ನೀವು ಹೇಳಿದ್ರ ನಿಮ್ಮಲ್ಲಿ ಉಳೀತದ" ಎನ್ನುತ್ತಿದ್ದರು. ಬೆರಳು ಯಾರ ಕಡೆ ಬಂದೀತೋ ಎಂದು ನಾವು ಉಸಿರು ಬಿಗಿ ಹಿಡಿದು ಕಾಯುತ್ತಿದ್ದೆವು.

ಆ ಕಥೆಗಳಲ್ಲಿ ಮುಕ್ಕಾಲು ಪಾಲು ಈ ಜರ್ಮನ್ ತತ್ವಜ್ಞಾನಿಯದು. ಹೈದರಾಬಾದಿನಲ್ಲಿ ಎರಡು ವರ್ಷ ಕಾಲೇಜು ಕಲಿತಾಗ ಅವನ ಚರಿತ್ರೆ ಓದಿದ್ದರಂತೆ. ಹೆಸರು ಒಮ್ಮೆ ಹೇಳಿದರು. ನಮ್ಮ ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ನಾವು ಅವನನ್ನು ಜರ್ಮನಿ ಮುದುಕ ಎಂದು ಕರೆದೆವು. ಅವರೂ ಹಾಗೇ ಕರೆಯತೊಡಗಿದರು.

ಜರ್ಮನಿ ಮುದುಕನ ಪ್ರಕಾರ ಬದುಕೆಂದರೆ ದುಃಖ. "ಹಸಿವಿ ಇದ್ದಾಗ ರೊಟ್ಟಿ ರೊಟ್ಟಿ ಅಂತ ಒದ್ದಾಡತೀವಿ. ಹೊಟ್ಟಿ ತುಂಬಿದ ಮ್ಯಾಲ ಬ್ಯಾಸರ. ಇವೆರಡರ ನಡುವ ಓಡಾಡೂದ ಜೀವನ ಅಂತ ಹೇಳ್ತಾನ ನಮ್ಮ ಮುದುಕ" ಎಂದು ಮಾಸ್ತರು ನಗುತ್ತ ವಿವರಿಸುತ್ತಿದ್ದರು. ಆ ಮಾತು ಹೇಳಿದ ಸಂಜೆಯೇ ಬಜಾರಿನಲ್ಲಿ ನಿಂತು ಮಿರ್ಚಿ ಭಜಿ ತಿನ್ನುತ್ತಿದ್ದರು. ಅವರ ಹೆಂಡತಿ ಗಟ್ಟಿ ಬಾಯಿಯ ಹೆಣ್ಣುಮಗಳು. ನೋಟುಬುಕ್ಕು ಹೊತ್ತು ಮನೆಗೆ ಹೋದ ನಮಗೆ, "ಜಗತ್ತೆಲ್ಲ ದುಃಖ ಅಂತಾರ ನೋಡ್ರೋ ನಿಮ್ಮ ಮಾಸ್ತರು. ಪುಂಡಿಪಲ್ಲೆ ಮಾಡಿದ ದಿವಸ ಮಾತ್ರ ದುಃಖ ಯಾವ ಊರಿಗೆ ಹೋಗಿರ್ತದೋ, ನನಗ ಹಿಟ್ಟು ನಾದಿ ನಾದಿ ರಟ್ಟಿ ಬೀಳ್ತದ" ಎನ್ನುತ್ತಿದ್ದಳು. ಒಳಗಿನಿಂದ ಅವರು, "ಮುದುಕನೂ ಹಂಗ ಉಣತಿದ್ದ. ಉಂಡು ಕೊಳಲು ಊದತಿದ್ದ" ಎಂದು ಕೂಗಿ ಹೇಳುವರು.

ಮುದುಕನಿಗೆ ಒಂದು ನಾಯಿ ಇತ್ತು. ಅದಕ್ಕೆ ನಮ್ಮ ಮಾತಿನಲ್ಲಿ 'ಆತ್ಮ' ಎಂದು ಹೆಸರಿಟ್ಟಿದ್ದ. ಅದು ತಪ್ಪು ಮಾಡಿದಾಗ ಅವನು ಬೈಯುತ್ತಿದ್ದ ಬೈಗುಳ ಒಂದೇ: 'ಮನುಷ್ಯಾ'. ಮಾಸ್ತರರೂ ಬೀದಿಯ ಒಂದು ಕಂದು ನಾಯಿಗೆ ರೊಟ್ಟಿ ಹಾಕಿ ರೂಢಿ ಮಾಡಿಕೊಂಡಿದ್ದರು. ಅದು ಚಪ್ಪಲಿ ಕಚ್ಚಿಕೊಂಡು ಓಡಿದಾಗ ಓಣಿ ತುಂಬ ಕೇಳುವಂತೆ, "ಲೇ ಮನುಷ್ಯಾ, ಬಿಡಲೇ" ಎಂದು ಬೆನ್ನು ಹತ್ತುತ್ತಿದ್ದರು. ಕಟ್ಟೆಯ ಮೇಲಿನ ಹಿರಿಯರು ಮಾಸ್ತರರ ತಲೆ ಕೆಟ್ಟಿದೆ ಎಂದುಕೊಂಡಿದ್ದರು.

ನಗಿಸುತ್ತ ನಗಿಸುತ್ತ ಒಮ್ಮೆಲೆ ಅವರು ನಿಂತುಬಿಡುವ ಜಾಗಗಳೂ ಇದ್ದವು. ದೇಶ ನೋಡಲು ಹೋದ ಆ ಹುಡುಗ ಸಮುದ್ರದ ದಂಡೆಯ ಒಂದು ಊರಿನಲ್ಲಿ ಸರಪಳಿ ಬಿಗಿದ ಕೈದಿಗಳನ್ನು ಕಂಡ. ಸಾಯುವ ತನಕ ಅವರು ಆ ಸರಪಳಿಯಲ್ಲೇ ಇರತಕ್ಕವರು. ಅದನ್ನು ಹೇಳುವಾಗ ಮಾಸ್ತರರ ದನಿ ಒಡೆಯುತ್ತಿತ್ತು. ಮರಳಿ ಬಂದ ಹುಡುಗ ಕೊಟ್ಟ ಮಾತಿನಂತೆ ವ್ಯಾಪಾರದ ಪೇಢಿಯಲ್ಲಿ ಕುಳಿತ. ಆಮೇಲೆ ಒಂದು ದಿನ ಅವನ ಅಪ್ಪನ ಹೆಣ ಮನೆಯ ಹಿಂದಿನ ಕಾಲುವೆಯಲ್ಲಿ ಸಿಕ್ಕಿತು. ಗೋದಾಮಿನ ಮಾಳಿಗೆಯಿಂದ ಕಾಲು ಜಾರಿತೋ, ತಾನೇ ಹಾರಿದನೋ ಯಾರಿಗೂ ತಿಳಿಯದು. ಮಾತು ತೆಗೆದುಕೊಂಡವನೇ ಇಲ್ಲವಾದರೂ ಹುಡುಗ ಆ ಪೇಢಿ ಬಿಡಲಿಲ್ಲ. ಲೆಕ್ಕದ ಬುಕ್ಕಿನ ಕೆಳಗೆ ಬೇರೆ ಪುಸ್ತಕ ಮುಚ್ಚಿಟ್ಟುಕೊಂಡು ಓದಿದ. ಕೊನೆಗೆ ತಾಯಿ ಬಿಡುಗಡೆ ಕೊಟ್ಟಾಗ ಗಳಗಳನೆ ಅತ್ತು, ಮೀಸೆ ಬಂದ ವಯಸ್ಸಿನಲ್ಲಿ ಹೋಗಿ ಲ್ಯಾಟಿನ್ ಕಲಿಯಲು ಕುಳಿತ.

"ಆ ಕುಂತಾಂವ ಮುಂದ ಏನು ಓದಿದ ಗೊತ್ತದ ಏನು? ನಮ್ಮ ಋಷಿಗಳ ಮಾತು. ಒಬ್ಬ ಮೊಗಲ ರಾಜಕುಮಾರ ಅದನ್ನ ಫಾರ್ಸಿಗೆ ತರಿಸಿದ. ಫಾರ್ಸಿಯಿಂದ ಲ್ಯಾಟಿನ್ನಿಗೆ ಹೋತು. ಮುದುಕ ದಿನಾ ಮಲಗೂ ಮುಂದ ಒಂದೊಂದು ಹಾಳಿ ಓದತಿದ್ದ. ಫಾರ್ಸಿ ಯಾಕ ಕಲೀಬೇಕ್ರಿ ಅಂತೀರಲ್ಲ, ಅದಕ್ಕ ಕಲೀಬೇಕು" ಎನ್ನುವರು. ತೊಗರಿ ರಾಶಿಯ ದಿನಗಳಲ್ಲಿ ಬಹಳಷ್ಟು ಹುಡುಗರು ಹೊಲಕ್ಕೆ ಹೋಗಿ ಕ್ಲಾಸು ಬಣಬಣ ಎನ್ನುವಾಗ ಅವರಿಗೆ ಬೇಸರವಿರಲಿಲ್ಲ. ಮುದುಕನೂ ಹಟ ಮಾಡಿ, ಊರೇ ಮೆಚ್ಚಿದ ಇನ್ನೊಬ್ಬ ಪಂಡಿತ ಪಾಠ ಮಾಡುವ ಹೊತ್ತಿಗೇ ತನ್ನ ಪಾಠ ಇಟ್ಟು, ಖಾಲಿ ಬೆಂಚುಗಳಿಗೆ ಪಾಠ ಹೇಳಿದವನು. "ಬರ್ರಿ, ಇವತ್ತ ಜರ್ಮನಿ ಕ್ಲಾಸು" ಎಂದು ಉಳಿದ ನಮ್ಮನ್ನು ಹತ್ತಿರ ಕರೆಯುತ್ತಿದ್ದರು.

ನನ್ನ ಅಪ್ಪ ಅಡತಿ ವ್ಯಾಪಾರಿ. ತೊಗರಿ, ಜೋಳ, ಕುಸುಬಿ. ನಮ್ಮ ಕಡೆ ಆಗ ದರವನ್ನು ಬಾಯಿಂದ ಆಡುತ್ತಿರಲಿಲ್ಲ. ಕೊಳ್ಳುವವನು, ಮಾರುವವನು ಎದುರು ಬದುರು ಕುಳಿತು, ಕೈಗಳ ಮೇಲೆ ವಲ್ಲಿ ಮುಚ್ಚಿ, ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಒತ್ತುವರು. ಇಷ್ಟು ಬೆರಳಿಗೆ ಇಷ್ಟು. ಸುತ್ತ ನಿಂತವರಿಗೆ ಏನೂ ತಿಳಿಯದು. ವಲ್ಲಿ ತೆಗೆದರೆ ಮಾತು ಮುಗಿದಂತೆ, ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ.

ಮಿಡ್ಲ್ ಸ್ಕೂಲಿನ ಕೊನೆಯ ವರ್ಷ ಅಪ್ಪ ನನಗೆ ಹೇಳಿದ: "ಇದು ಮುಗಿಸು. ಒಂದು ತಿಂಗಳು ಮುಂಬಯಿಗೆ ಕರ್ಕೊಂಡು ಹೋಗ್ತೇನಿ. ಟ್ರಾಮು ಹತ್ತು, ಸಮುದ್ರ ನೋಡು, ಸಿನೆಮಾ ನೋಡು. ಬಂದ ಮ್ಯಾಲ ಅಂಗಡ್ಯಾಗ ಕೂಡಬೇಕು." ನಾನು ಕುಣಿದಾಡಿದೆ. ದೊಡ್ಡವರ ಹಾಗೆ ಅಪ್ಪನ ವಲ್ಲಿಯ ಕೆಳಗೆ ಕೈ ಇಟ್ಟು ಒಪ್ಪಿದೆ. ಜರ್ಮನಿ ಮುದುಕನ ಕಥೆ ಅಷ್ಟು ಸಲ ಕೇಳಿದ್ದರೂ ನನಗೆ ಅದರ ನೆನಪು ಬರಲಿಲ್ಲ. ಈಗ ಯೋಚಿಸಿದರೆ ಇದೇ ನಂಬಲಾಗದ ಮಾತು.

ಮಾಸ್ತರರಿಗೆ ನಾನೇ ಹೆಮ್ಮೆಯಿಂದ ಹೇಳಿದೆ. ಅಂದು ಸಂಜೆಯೇ ಅವರು ನಮ್ಮ ಅಂಗಡಿಗೆ ಬಂದರು. ನಾನು ಒಳಗೆ ಚೀಲಗಳ ಸಂದಿಯಲ್ಲಿದ್ದೆ.

"ಸಾವಕಾರ್ರೀ, ನನ್ನ ಕೂಡ ಒಂದು ವ್ಯಾಪಾರ ಮಾಡ್ರಿ" ಎಂದು ಗಾದಿಯ ಅಂಚಿಗೆ ಕುಳಿತರು.

"ಮಾಸ್ತರು ಏನು ಮಾರ್ತೀರ್ರಿ, ಫಾರ್ಸಿ ಏನು?" ಎಂದು ಅಪ್ಪ ನಕ್ಕ.

"ವಲ್ಲಿ ಹಾಕ್ರಿ, ಹೇಳ್ತೇನಿ. ನಾನೂ ನಿಂಬರ್ಗಾದ ಅಂಗಡ್ಯಾಂವನ ಮಗ. ಆ ಚೀಲದ ವಾಸನಿಗೆ ಉಸಿರು ಕಟ್ಟಿ ಓಡಿ ಬಂದಾಂವ. ಬೆರಳು ಮರ್ತಿಲ್ಲ."

ತಮ್ಮ ಹೆಗಲ ವಲ್ಲಿಯನ್ನು ತೆಗೆದು ಅವರೇ ಹಾಸಿದರು. ಇಬ್ಬರ ಕೈಗಳೂ ಅದರ ಕೆಳಗೆ ಆಡಿದವು. ಅಪ್ಪ ತಲೆ ಅಲ್ಲಾಡಿಸಿದ. ಮತ್ತೆ ಆಡಿದವು. ಕೊನೆಗೆ ಮಾಸ್ತರರು ಬಗ್ಗಿ ಅಪ್ಪನ ಕಿವಿಯಲ್ಲಿ ಏನೋ ಅಂದರು. ಅಪ್ಪನ ಮುಖ ಒಂದು ಗಳಿಗೆ ಬೇರೆಯಾಯಿತು. "ಆತು" ಎಂದ. ವಲ್ಲಿ ಸರಿಯಿತು.

ರಾತ್ರಿ ಊಟಕ್ಕೆ ಕುಳಿತಾಗ ಅಪ್ಪ, "ಮುಂಬಯಿ ಇಲ್ಲ. ಗುಲ್ಬರ್ಗಾಕ್ಕ ಹೋಗು, ಹೈಸ್ಕೂಲು ಓದು" ಎಂದ. ಯಾಕೆ ಎಂದರೆ, "ವ್ಯಾಪಾರ ಆಗ್ಯದ" ಎಂದಷ್ಟೇ ಹೇಳಿದ. ನಾನು ತಾಟು ನೂಕಿ ಎದ್ದೆ. ಸಮುದ್ರ ಹೋಯಿತು, ಟ್ರಾಮು ಹೋಯಿತು. ನನ್ನ ಮುಂಬಯಿಯನ್ನು ಮಾಸ್ತರರು ಕದ್ದರೆಂದು ಅವರ ಮೇಲೆ ಹಲ್ಲು ಕಡಿದೆ.

ಅದು ಯುದ್ಧದ ಕಾಲ. ಜರ್ಮನಿಯ ಮೇಲೆ ಇಂಗ್ಲಿಷರು, ಇಂಗ್ಲಿಷರ ಕಡೆ ನಮ್ಮ ನಿಜಾಮರು. ಕೆಲವೇ ದಿನಗಳಲ್ಲಿ ಅಮೀನ್ ಸಾಹೇಬ, ಎಂದರೆ ಠಾಣೆಯ ಅಧಿಕಾರಿ, ಇಬ್ಬರು ಪೊಲೀಸ್ ಜವಾನರ ಜೊತೆ ನಮ್ಮ ಕ್ಲಾಸಿಗೆ ಬಂದ. ಅವನಿಗೆ ಯಾರು ಏನು ಹೇಳಿದ್ದರೋ, ಇವತ್ತಿಗೂ ತಿಳಿಯದು. ನಾನಂತೂ ಹೇಳಿರಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬ ಜರ್ಮನಿಯವನ ಸುದ್ದಿ ಹೇಳುವ ಮಾಸ್ತರ ಎಂದರೆ ಆ ದಿನಗಳಲ್ಲಿ ಅಷ್ಟೇ ಸಾಕಿತ್ತು. ಹೆಡ್ ಮಾಸ್ತರರು ಹಿಂದೆ ಬೆವರು ಒರೆಸುತ್ತ ನಿಂತಿದ್ದರು. ಸಾಹುಕಾರನ ಮಗನೆಂದು ಅಮೀನನಿಗೆ ನನ್ನ ಗುರುತಿತ್ತು. ನನ್ನನ್ನೇ ಎಬ್ಬಿಸಿದ.

"ಕ್ಯಾ ರೇ, ಇವರು ಜರ್ಮನ್ ಬುಡ್ಢಾನ ಮಾತು ಹೇಳ್ತಾರ?"

"ಹೇಳ್ತಾರ್ರಿ."

"ದರ್ವಾಜಾ ಬಂದ್ ಮಾಡಿ?"

"ಹೌದ್ರಿ."

"ಕ್ಯಾ ಬೋಲ್ತೇ? ಏನಂತಾರ ಅಂವಗ?"

"ಭಾಳ ಶಾಣ್ಯಾ ಅಂತಾರ್ರಿ."

"ಎಲ್ಲಿರ್ತಾನ ಅಂವಾ? ಅವನ ಖಬರು ಇವರಿಗೆ ಯಾರು ತರ್ತಾರ?"

ನಾನು ಮಾಸ್ತರರ ಕಡೆ ನೋಡಿದೆ. ಅವರು ಕೈ ಹಿಂದೆ ಕಟ್ಟಿ ನಿಂತಿದ್ದರು. ಮೊದಲು ಹುಬ್ಬು ಏರಿತು, ಆಮೇಲೆ ತುಟಿಯ ಮೂಲೆಯಲ್ಲಿ ನಗೆ ಬಂತು. ಅಮೀನನ ತಪ್ಪು ಅವರಿಗೆ ತಿಳಿದುಹೋಗಿತ್ತು. ತಾನು ಹೇಳಿದರೆ ಆರೋಪಿಯ ಮಾತು, ಹುಡುಗ ಹೇಳಿದರೆ ಅಮೀನ ನಂಬುತ್ತಾನೆ ಎಂದುಕೊಂಡರೋ, ಅಥವಾ ಅದು ಬರೀ ರೂಢಿಯೋ. ಕ್ಲಾಸಿನಲ್ಲಿ ಹೇಳುವ ಅದೇ ದನಿಯಲ್ಲಿ, "ಹೇಳು ತಮ್ಮಾ. ಜರ್ಮನಿ ಮುದುಕ ಈಗ..." ಎಂದು ನಿಂತು, ನನ್ನ ಕಡೆ ತೋರುಬೆರಳು ಚಾಚಿದರು.

ಮುದುಕ ಸತ್ತು ಎಂಬತ್ತು ವರ್ಷವಾಗಿತ್ತು. ಅದು ನನಗೆ ಗೊತ್ತಿತ್ತು. ಕುರ್ಚಿಯಲ್ಲಿ ಒರಗಿದಲ್ಲೇ ಪ್ರಾಣ ಬಿಟ್ಟ ಎಂಬ ಆ ಕೊನೆಯ ಮಾತನ್ನು ಹಿಂದೊಮ್ಮೆ ಎದ್ದು ಮುಗಿಸಿದ್ದವನು ನಾನೇ. ನಾಲಿಗೆಯ ತುದಿಯ ಮೇಲಿತ್ತು. ಮುಂಬಯಿಯ ಟ್ರಾಮು ನೆನಪಾಯಿತು.

"ಗೊತ್ತಿಲ್ಲರಿ" ಎಂದೆ.

ಬೇರೆ ಹುಡುಗರು ರೈತರ ಮಕ್ಕಳು, ಪೊಲೀಸರ ಡ್ರೆಸ್ಸು ನೋಡಿಯೇ ನೆಲ ನೋಡುತ್ತ ಕುಳಿತಿದ್ದರು. ಮಾಸ್ತರರ ಬೆರಳು ಗಾಳಿಯಲ್ಲಿ ಹಾಗೇ ನಿಂತಿತ್ತು. ಅದನ್ನು ಇಳಿಸುವುದೇ ಅವರಿಗೆ ಮರೆತಂತೆ ಕಂಡಿತು. ಅಷ್ಟು ದಿಗಿಲು ಬಿದ್ದ ಮುಖವನ್ನು ನಾನು ಜೀವನದಲ್ಲಿ ಮತ್ತೆ ನೋಡಿಲ್ಲ. ಪೊಲೀಸರಿಗೆ ಅವರು ಬೆಚ್ಚಿರಲಿಲ್ಲ, ನನಗೆ ಬೆಚ್ಚಿದ್ದರು.

"ಹುಡುಗ ಅಂಜ್ಯಾನ್ರಿ. ಅವನ್ನ ಬಿಡ್ರಿ. ಆ ಮುದುಕ ಸತ್ತು ಭಾಳ ವರ್ಷ ಆದುವು" ಎಂದರು ಆಮೇಲೆ.

"ಎಲ್ಲಾರೂ ಹಂಗ ಅಂತಾರ. ಚಲೋ" ಎಂದ ಅಮೀನ.

ಅವರನ್ನು ಗುಲ್ಬರ್ಗಾಕ್ಕೆ ಒಯ್ದರು. ಯಾರೋ ಓದಿದ ಸಾಹೇಬರು ಅಲ್ಲಿ ಸಿಕ್ಕು, ಎಲ್ಲ ಕೇಳಿ, ನಕ್ಕು ಬಿಟ್ಟು ಕಳಿಸಿದರಂತೆ. ಆದರೆ ಠಾಣೆ ಹತ್ತಿದವರಿಗೆ ಶಾಲೆ ಮತ್ತೆ ಕೆಲಸ ಕೊಡಲಿಲ್ಲ. ಊರಿಗೆ ಬಂದ ಸಂಜೆಯೇ ಅವರು ಸ್ನಾನ ಮಾಡಿ, ಒಗೆದ ಶೇರ್ವಾನಿ ಹಾಕಿಕೊಂಡು ನಮ್ಮ ಅಂಗಡಿಯ ಕಡೆ ಬರುವುದು ಮಾಳಿಗೆಯಿಂದ ಕಂಡಿತು. ನಾನು ಸುಳ್ಳಾಡಿದ್ದನ್ನು ಅಪ್ಪನಿಗೆ ಹೇಳಲಿಕ್ಕೇ ಬಂದರು ಎಂದುಕೊಂಡೆ. ಅಪ್ಪನ ಜೊತೆ ಎರಡು ಮಾತಾಡಿ ಹಾಗೇ ತಿರುಗಿ ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ. ಯಾಕೆ ಬೈಯಲಿಲ್ಲ ಎಂಬುದು ಬೈದದ್ದಕ್ಕಿಂತ ಹೆಚ್ಚು ಕಾಡಿತು.

ಅವರು ಊರು ಬಿಡುವ ದಿನ ಬಂಡಿಯ ಮೇಲೆ ಸಾಮಾನು ಏರಿಸುತ್ತಿದ್ದ ಅವರ ಹೆಂಡತಿ ನನ್ನನ್ನು ಕಂಡು ಕರೆದಳು. "ನೀನೂ ಅವತ್ತ ಅಲ್ಲೇ ಇದ್ದಿಯಂತಲ್ಲಪಾ. ಏನಾತು? ಇವರು ಬಾಯಿ ಬಿಡವಲ್ರು." ನಾನು, "ನನಗೇನೂ ಗೊತ್ತಿಲ್ಲಬೇ ಅವ್ವಾ" ಎಂದೆ. ಎರಡನೆಯ ಸಲ ಆ ಮಾತು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಬೆರಗಾದೆ. ಅವಳು ನನ್ನ ಕೈಗೆ ಒಂದು ಉಂಡೆ ಕೊಟ್ಟು ಬಂಡಿ ಹತ್ತಿದಳು. ಕಂದು ನಾಯಿ ಬಂಡಿಯ ಹಿಂದೆ ಓಡಿತು.

ಗುಲ್ಬರ್ಗಾಕ್ಕೆ ನನ್ನನ್ನು ಬಿಡಲು ಹೊರಟಾಗ, ಮೋಟಾರಿನಲ್ಲಿ ಪಕ್ಕ ಕುಳಿತ ಅಪ್ಪ ತಾನಾಗಿಯೇ ಹೇಳಿದ.

"ಅವತ್ತ ವಲ್ಲಿ ಕೆಳಗ ಮಾಸ್ತರು ಮೂರು ಬೆರಳು ಒತ್ತಿದ್ರು. ಮೂರು ವರ್ಷ ಹುಡುಗನ್ನ ಓದಾಕ ಬಿಡ್ರಿ ಅಂತ. ನಾ ಕೈ ಹಿಂದಕ್ಕ ತಗೊಂಡೆ. ಮತ್ತ ಮೂರು ಒತ್ತಿದ್ರು. ಅಂಗಡಿ ಯಾರು ನೋಡಬೇಕ್ರಿ ಅಂದೆ. ಆಗ ತಮ್ಮ ಇಡೀ ಅಂಗೈ ನನ್ನ ಅಂಗೈಯಾಗ ಇಟ್ರು. ವ್ಯಾಪಾರದಾಗ ಅದಕ್ಕ ಲೆಕ್ಕ ಇಲ್ಲ. ನನಗ ತಿಳೀಲಿಲ್ಲ. ಆಮ್ಯಾಲ ಕಿವ್ಯಾಗ ಹೇಳಿದ್ರು: ಮೂರು ವರ್ಷ ದಿನಾ ಸಂಜಿಗೆ ನಾ ಬಂದು ಕೂಡ್ತೇನಿ ನಿಮ್ಮ ಅಂಗಡ್ಯಾಗ, ಅವನ ಬದಲಿ."

ನಾನು ಕಿಟಕಿಯ ಸರಳು ಹಿಡಿದೆ.

"ಠಾಣೆಯಿಂದ ಬಂದ ಸಂಜಿನೂ ಬಂದ್ರು. 'ಇವತ್ತಿಂದ ಕೂಡ್ಲ್ಯಾ?' ಅಂದ್ರು. ನಾನ ಬ್ಯಾಡಂದೆ. ಅಮೀನಗ ಅಂಜಿದೆ. ಅವರ ಮಾತು ಅವರು ತಪ್ಪಿಲ್ಲ. ನೀ ಓದಬೇಕು."

ಮೂರು ವರ್ಷ ಓದಿದೆ. ಅದೇ ನನ್ನ ವಿದ್ಯೆ. ಆಮೇಲೆ ಅಪ್ಪನ ಅಂಗಡಿಗೇ ಬಂದು ಕುಳಿತೆ.

ಯುದ್ಧ ಮುಗಿದ ಮೇಲೆ ಒಮ್ಮೆ ತೊಗರಿ ಕೊಳ್ಳಲು ಜೇವರ್ಗಿಗೆ ಹೋದೆ. ಅಡತಿಯ ಗೋದಾಮಿನ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಆ ದನಿ ಕೇಳಿತು. ಎತ್ತಿಟ್ಟ ಹೆಜ್ಜೆ ಅಲ್ಲೇ ನಿಂತಿತು. ಚೀಲಗಳ ಥಪ್ಪಿಗೆ ಒರಗಿ ಮಾಸ್ತರರು ಕುಳಿತಿದ್ದರು. ಶೇರ್ವಾನಿ ಇರಲಿಲ್ಲ, ವಲ್ಲಿ ಇತ್ತು. ಕಣ್ಣಿಗೆ ಪೊರೆ ಬಂದಿತ್ತು. ಉಸಿರು ಕಟ್ಟುತ್ತದೆಂದು ಬಿಟ್ಟು ಓಡಿದ್ದ ವಾಸನೆಯ ನಡುವೆ, ಆ ಅಂಗಡಿಯ ಪರವಾಗಿ ದರ ಕುದುರಿಸುವ ಮುನೀಮರಾಗಿ ಕುಳಿತಿದ್ದರು. ಹಮಾಲರ ಮಕ್ಕಳು ಸುತ್ತ ಮುಕುರಿದ್ದವು. ಕಥೆ ಕೊನೆಗೆ ಬಂದಿತ್ತು.

"ಜರ್ಮನಿ ಮುದುಕ ಈಗ..." ಎಂದು ನಿಂತರು. ಬೆರಳು ಗಾಳಿಯಲ್ಲಿ ತಿರುಗಿ, ಬಾಗಿಲಲ್ಲಿ ನನ್ನ ನೆರಳು ಬಿದ್ದ ಕಡೆಗೆ ಬಂದು ನಿಂತಿತು.

ನನ್ನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮುಂದೆ ಕುಳಿತಿದ್ದ, ಬಗಲಲ್ಲಿ ಕೂಸು ಇಟ್ಟುಕೊಂಡ ಒಂದು ಸಣ್ಣ ಹುಡುಗಿ, "ಸತ್ತು ಭಾಳ ವರ್ಷ ಆತ್ರಿ" ಎಂದಿತು. ಕೂಸಿನ ಮೂಗು ಒರೆಸುತ್ತ ಹೇಳಿತು. ಅಷ್ಟೇ ಮಾತು.

"ಶಾಬಾಸ್" ಎಂದರು. ಮಕ್ಕಳು ಎದ್ದು ಓಡಿದವು. "ಬಾಗಲಾಗ ಯಾರು?"

"ಆಳಂದದವರ್ರಿ. ತೊಗರಿ ನೋಡಾಕ ಬಂದೇನಿ."

ಅವರು ದನಿ ಬಂದ ಕಡೆಗೆ ತಲೆ ಓರೆ ಮಾಡಿದರು.

"ತಡ ಆತು. ಕೂಡು."

ವ್ಯಾಪಾರಕ್ಕೆ ಬಂದ ಪರವೂರಿನವನಿಗೆ ಯಾರೂ ಹಾಗೆ ಹೇಳುವುದಿಲ್ಲ. ನಾನು ಕುಳಿತೆ. ಅವರು ಹೆಗಲಿನ ವಲ್ಲಿ ತೆಗೆದು ನಮ್ಮಿಬ್ಬರ ನಡುವೆ ಹಾಸಿದರು. ಅದರ ಕೆಳಗೆ ಅವರ ಕೈ ನನ್ನ ಕೈಯನ್ನು ಹುಡುಕಿ ಹಿಡಿಯಿತು. ಹೇಳಬೇಕೆಂದು ವರ್ಷಗಟ್ಟಲೆ ಹೊತ್ತುಕೊಂಡಿದ್ದ ಮಾತುಗಳ ಬದಲು, ನನ್ನ ಇಡೀ ಅಂಗೈಯನ್ನು ಅವರ ಅಂಗೈಯಲ್ಲಿ ಇಟ್ಟೆ.

ಅವರು ಅದನ್ನು ನೂಕಲಿಲ್ಲ, ಹಿಡಿಯಲೂ ಇಲ್ಲ. ಹೊರಗೆ ಹಮಾಲರು ಚೀಲ ಇಳಿಸುವ ಸದ್ದು ಕೇಳುತ್ತಿತ್ತು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಇದು ತೊಗರಿ ವ್ಯಾಪಾರ, ತಮ್ಮಾ. ಬೆರಳಿಲೆ ಹೇಳು."

ನಾನು ಬೆರಳು ಒತ್ತಿದೆ. ಎದುರು ಬೆರಳು ಒತ್ತದೆ ಅವರು ಒಪ್ಪಿದರು. ವಲ್ಲಿ ಸರಿಯಿತು. ಸಂಜೆಯೊಳಗೆ ಚೀಲಗಳು ಬಂಡಿ ಏರಿದವು. ಅಷ್ಟು ಒಳ್ಳೆಯ ತೊಗರಿ ಅಷ್ಟು ಕಡಿಮೆಗೆ ಹೇಗೆ ಹಿಡಿದೆ ಎಂದು ಅಪ್ಪ ಆ ಸುಗ್ಗಿ ತುಂಬ ಬಂದವರ ಮುಂದೆಲ್ಲ ನನ್ನನ್ನು ಹೊಗಳಿದ.